ಹಣೆಬರಹದ ಕಚೇರಿ



ಇತಿಹಾಸವನ್ನು ಕುರಿತು ಉಪನ್ಯಾಸ ಮಾಡಲು ವೈದ್ಯರನ್ನು ಕರೆಯುವುದು ಅಪರೂಪ. ಈ ಅವಕಾಶವನ್ನಿತ್ತ ಕೂಟದ ಕಾರ್ಯಕಾರಿ ಸಮಿತಿಗೆ ಮೊದಲು ನಮ್ಮ ಕೃತಜ್ಞತೆಗಳು. ನಾವು ಇತಿಹಾಸದ ವಿದ್ವಾಂಸರಲ್ಲ, ಬರಿಯ ಓದುಗರು. ಆದರೆ ರೋಗಿಯ ಹಾಸಿಗೆಯ ಬಳಿ ಮೂವತ್ತು ವರ್ಷ ನಿಂತವರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಆದದ್ದು ಆಗಲೇಬೇಕಾಗಿತ್ತೆ, ಅಥವಾ ಬೇರೆ ರೀತಿಯಲ್ಲಿ ಆಗಬಹುದಾಗಿತ್ತೆ? ನಮ್ಮ ಹಿರಿಯರು ಇದನ್ನು ದೈವ ಮತ್ತು ಪುರುಷಕಾರಗಳ ಪ್ರಶ್ನೆ ಎಂದು ಕರೆದರು. ಇಂದು ನಾವು ಹೇಳಹೊರಟಿರುವುದು ಈ ಪ್ರಶ್ನೆಯ ಕಥೆಯನ್ನೇ. ಕಥೆಯ ಬಾಗಿಲು ಮಾತ್ರ ತುಸು ವಿಚಿತ್ರವಾದುದು. ಅದೊಂದು ಹಾಲಿವುಡ್ ಚಲನಚಿತ್ರ.

ಚಿತ್ರದ ಹೆಸರು 'ದಿ ಅಡ್ಜಸ್ಟ್‌ಮೆಂಟ್ ಬ್ಯೂರೋ'. ಜಾರ್ಜ್ ನಾಲ್ಫಿಯವರ ನಿರ್ದೇಶನದಲ್ಲಿ 2011ರ ಮಾರ್ಚ್ ತಿಂಗಳಲ್ಲಿ ಬಿಡುಗಡೆಯಾಯಿತು. ಮ್ಯಾಟ್ ಡೇಮನ್ ಮತ್ತು ಎಮಿಲಿ ಬ್ಲಂಟ್ ನಾಯಕ ನಾಯಕಿಯರು. ಹೆಸರನ್ನು ಕನ್ನಡಿಸುವುದಾದರೆ 'ಸರಿಪಡಿಸುವ ಕಚೇರಿ' ಎನ್ನಬಹುದು. ಆದರೆ ನಮ್ಮ ಅಜ್ಜಿ ಇದ್ದಿದ್ದರೆ 'ಹಣೆಬರಹದ ಕಚೇರಿ' ಎಂದೇ ಕರೆಯುತ್ತಿದ್ದರು. ನಾವು ಇದನ್ನು ಬಿಡುಗಡೆಯಾದ ಎಷ್ಟೋ ವರ್ಷಗಳ ಮೇಲೆ, ಒಂದು ಚಳಿಗಾಲದ ರಾತ್ರಿ, ಮನೆಯಲ್ಲಿ ಮಗಳೊಡನೆ ಕುಳಿತು ನೋಡಿದೆವು. ಚಿತ್ರ ಮುಗಿಯುವ ಮೊದಲೇ ಅವಳು ಒಂದು ಮಾತು ಹೇಳಿದಳು. "ಅಪ್ಪ, ಆ ಥಾಂಪ್ಸನ್ ಥೇಟ್ ನಿಮ್ಮ ಹಾಗೆಯೇ ಮಾತನಾಡುತ್ತಾನೆ" ಎಂದಳು. ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಈ ಉಪನ್ಯಾಸ ಹುಟ್ಟಿದ್ದು ಅಲ್ಲಿ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಡೇವಿಡ್ ನಾರಿಸ್ ಎಂಬ ತರುಣ ರಾಜಕಾರಣಿ ನ್ಯೂಯಾರ್ಕಿನಿಂದ ಸೆನೆಟ್ ಚುನಾವಣೆಗೆ ನಿಂತು ಸೋಲುತ್ತಾನೆ. ಸೋಲನ್ನು ಒಪ್ಪಿಕೊಳ್ಳುವ ಭಾಷಣವನ್ನು ಹೋಟೆಲಿನ ಗಂಡಸರ ಶೌಚಾಲಯದಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿರುವಾಗ, ಅಲ್ಲಿ ಅಡಗಿದ್ದ ಎಲೀಸ್ ಎಂಬ ನರ್ತಕಿಯ ಪರಿಚಯವಾಗುತ್ತದೆ. ಕೆಲವೇ ನಿಮಿಷಗಳ ಭೇಟಿ. ಆದರೂ ಅವನು ಸಿದ್ಧ ಭಾಷಣವನ್ನು ಬಿಟ್ಟು ಮನಸ್ಸಿನಿಂದ ಮಾತನಾಡುವಷ್ಟು ಬದಲಾಗುತ್ತಾನೆ. ಮುಂದೆ ಒಂದು ಬೆಳಗ್ಗೆ ಟೋಪಿ ಧರಿಸಿದ ಒಬ್ಬ ವ್ಯಕ್ತಿ ಬೆಳಗಿನ 7 ಗಂಟೆ 5 ನಿಮಿಷದೊಳಗೆ ಡೇವಿಡ್ಡನ ಅಂಗಿಯ ಮೇಲೆ ಕಾಫಿ ಚೆಲ್ಲಬೇಕಾಗಿರುತ್ತದೆ. ಆ ವ್ಯಕ್ತಿ ತೂಕಡಿಸಿಬಿಡುತ್ತಾನೆ. ಕಾಫಿ ಚೆಲ್ಲುವುದಿಲ್ಲ. ಡೇವಿಡ್ ಬಸ್ಸನ್ನು ಹಿಡಿಯುತ್ತಾನೆ, ಬಸ್ಸಿನಲ್ಲಿ ಎಲೀಸ್ ಇರುತ್ತಾಳೆ. ಅವರಿಬ್ಬರೂ ಮತ್ತೆ ಭೇಟಿಯಾಗಬಾರದೆಂದು ಮೇಲಿನ ಕಚೇರಿಯ ಪುಸ್ತಕದಲ್ಲಿ ಬರೆದಿರುತ್ತದೆ.

ಈ ಕಚೇರಿಯ ನೌಕರರು ದೇವತೆಗಳಂತೆ ಕಾಣುವುದಿಲ್ಲ. ಸೂಟು ತೊಟ್ಟು, ಕಡತ ಹಿಡಿದು, ಮೇಲಧಿಕಾರಿಗೆ ಹೆದರಿ ನಡೆಯುವ ಗುಮಾಸ್ತರಂತೆ ಕಾಣುತ್ತಾರೆ. ಅವರ ಯಜಮಾನನಿಗೆ 'ಅಧ್ಯಕ್ಷ' ಎಂದು ಹೆಸರು. ನಮ್ಮ ಕೂಟದ ಅಧ್ಯಕ್ಷರು ತಪ್ಪು ತಿಳಿಯಬಾರದು. ಡೇವಿಡ್ ಹಟ ಬಿಡದಿದ್ದಾಗ ಥಾಂಪ್ಸನ್ ಎಂಬ ಹಿರಿಯ ಅಧಿಕಾರಿ ಬರುತ್ತಾನೆ. ಅವನು ಬೈಯುವುದಿಲ್ಲ, ಬುದ್ಧಿ ಹೇಳುತ್ತಾನೆ. ನೀನು ಅವಳನ್ನು ಕೈಬಿಟ್ಟರೆ ಮುಂದೊಂದು ದಿನ ಈ ದೇಶದ ರಾಷ್ಟ್ರಾಧ್ಯಕ್ಷನಾಗುತ್ತೀಯೆ, ಅವಳು ಜಗದ್ವಿಖ್ಯಾತ ನೃತ್ಯಸಂಯೋಜಕಿಯಾಗುತ್ತಾಳೆ. ಕೈಹಿಡಿದರೆ ನಿನ್ನ ಭವಿಷ್ಯವೂ ಹಾಳು, ಅವಳು ಆರು ವರ್ಷದ ಮಕ್ಕಳಿಗೆ ಕುಣಿತ ಕಲಿಸುತ್ತ ಉಳಿಯುತ್ತಾಳೆ ಎನ್ನುತ್ತಾನೆ. ಎಲ್ಲವೂ ನಿಮ್ಮ ಹಿತಕ್ಕಾಗಿ ಎಂಬುದೇ ಅವನ ವಾದದ ಸಾರ.

ಈ ಚಿತ್ರಕ್ಕೆ ಮೂಲವಾದುದು ಫಿಲಿಪ್ ಕೆ. ಡಿಕ್ ಎಂಬ ಅಮೆರಿಕನ್ ಲೇಖಕರು 1954ರಲ್ಲಿ ಒಂದು ವೈಜ್ಞಾನಿಕ ಕಥಾಪತ್ರಿಕೆಯಲ್ಲಿ ಪ್ರಕಟಿಸಿದ 'ಅಡ್ಜಸ್ಟ್‌ಮೆಂಟ್ ಟೀಮ್' ಎಂಬ ಸಣ್ಣ ಕಥೆ. ಅಲ್ಲಿ ಪ್ರಣಯವಿಲ್ಲ. ಜಮೀನು ವ್ಯಾಪಾರದ ಕಚೇರಿಯೊಂದರಲ್ಲಿ ದುಡಿಯುವ ಎಡ್ ಫ್ಲೆಚರ್ ಎಂಬ ಸಾಧಾರಣ ಗೃಹಸ್ಥನಿದ್ದಾನೆ. ಅವನ ಮನೆಯ ನಾಯಿ ಸರಿಯಾದ ನಿಮಿಷಕ್ಕೆ ಬೊಗಳದ ಕಾರಣ ಅವನು ಕಚೇರಿಗೆ ತಡವಾಗಿ ಹೋಗುತ್ತಾನೆ. ಅಲ್ಲಿ ತನ್ನ ಸಹೋದ್ಯೋಗಿಗಳೂ ಗೋಡೆಗಳೂ ಬೂದಿಯಂತೆ ಉದುರುವುದನ್ನು ಕಾಣುತ್ತಾನೆ. ಈ ಸರಿಪಡಿಸುವಿಕೆಯಿಂದ ರಾಷ್ಟ್ರಗಳ ನಡುವಣ ಯುದ್ಧಭೀತಿ ತಗ್ಗುವುದೆಂದು ಅವನಿಗೆ ವಿವರಿಸಲಾಗುತ್ತದೆ. ಅವನು ಒಪ್ಪಿ, ಬಾಯಿ ಮುಚ್ಚಿಕೊಂಡಿರುವುದಾಗಿ ಮಾತು ಕೊಟ್ಟು ಮನೆಗೆ ಮರಳುತ್ತಾನೆ. ಶೀತಲಸಮರದ ಆ ದಿನಗಳಲ್ಲಿ ಅಣುಬಾಂಬಿನ ನೆರಳಿನಲ್ಲಿ ಬದುಕುತ್ತಿದ್ದ ಓದುಗರಿಗೆ, ಮೇಲೆ ಯಾರೋ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾರೆಂಬುದು ಭಯವೂ ಹೌದು, ಸಮಾಧಾನವೂ ಹೌದು. ಐವತ್ತೇಳು ವರ್ಷಗಳ ಮೇಲೆ ಅದೇ ಕಥೆಯನ್ನು ತೆರೆಗೆ ತಂದಾಗ ನಾಯಕ ಒಪ್ಪುವುದಿಲ್ಲ. ವಿಧೇಯತೆಯ ಕಥೆ ಹೀಗೆ ಅವಿಧೇಯತೆಯ ಕಥೆಯಾಯಿತು.

ಚಿತ್ರದಲ್ಲಿ ನಮ್ಮ ಗಮನವನ್ನು ಸೆಳೆದದ್ದು ಥಾಂಪ್ಸನ್ ಹೇಳುವ ಇತಿಹಾಸ. ಅವನ ಪ್ರಕಾರ ಕಚೇರಿಯವರು ಮನುಷ್ಯರನ್ನು ಬೇಟೆಗಾರಿಕೆಯಿಂದ ರೋಮ್ ಸಾಮ್ರಾಜ್ಯದ ಉಚ್ಛ್ರಾಯದವರೆಗೆ ಕೈಹಿಡಿದು ನಡೆಸಿದರು. ಅನಂತರ ಸ್ವಾತಂತ್ರ್ಯ ಕೊಟ್ಟು ನೋಡಿದರು; ಫಲ, ಐದು ಶತಮಾನಗಳ ಅಂಧಕಾರಯುಗ. ಮತ್ತೆ ಹಿಡಿತ ತೆಗೆದುಕೊಂಡರು. ಫಲ, ಪುನರುಜ್ಜೀವನ, ವಿಜ್ಞಾನದ ಉದಯ. 1910ರಲ್ಲಿ ಮತ್ತೊಮ್ಮೆ ಕೈಬಿಟ್ಟರು. ಐವತ್ತು ವರ್ಷಗಳಲ್ಲಿ ಮಹಾಯುದ್ಧಗಳು, ನರಮೇಧ, ಕೊನೆಗೆ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು. ಆದ್ದರಿಂದ ಮನುಷ್ಯರು ಸ್ವಾತಂತ್ರ್ಯಕ್ಕೆ ಇನ್ನೂ ಅರ್ಹರಲ್ಲ ಎಂಬುದು ಅವನ ತೀರ್ಮಾನ. ಡೇವಿಡ್ಡನಿಗೆ ಇದಕ್ಕೆ ಉತ್ತರ ಹೊಳೆಯುವುದಿಲ್ಲ. ಕನ್ನಡಿಗನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೆ ಹೊಳೆಯುತ್ತಿತ್ತೆಂದು ನಮ್ಮ ಭಾವನೆ.

ಥಾಂಪ್ಸನ್ ಹೇಳುವ ಕತ್ತಲೆಯ ಐದು ಶತಮಾನಗಳನ್ನೇ ನೋಡೋಣ. ಆರ್ಯಭಟ ತನ್ನ ಗ್ರಂಥವನ್ನು ರಚಿಸಿದ್ದು 499ರಲ್ಲಿ. ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಮಂಗಲೇಶ ಶಾಸನ ಬರೆಸಿದ್ದು 578ರಲ್ಲಿ. ಐಹೊಳೆಯಲ್ಲಿ ರವಿಕೀರ್ತಿಯ ಶಾಸನ ಮೂಡಿದ್ದು 634ರಲ್ಲಿ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸರು ಗ್ರೀಕ್ ಮತ್ತು ಭಾರತೀಯ ಶಾಸ್ತ್ರಗಳನ್ನು ಅರಬ್ಬೀ ಭಾಷೆಗೆ ತರುತ್ತಿದ್ದಾಗ, ನಮ್ಮ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಿಂದ 'ಕವಿರಾಜಮಾರ್ಗ' ಹೊರಬಂದಿತು. 851ರಲ್ಲಿ ಬರೆದ ಅರಬ್ ವರ್ತಕ ಸುಲೈಮಾನನ ವೃತ್ತಾಂತ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಪಶ್ಚಿಮ ಯೂರೋಪಿನ ಒಂದು ಭಾಗದಲ್ಲಿ ದೀಪ ಮಂಕಾಗಿದ್ದಿರಬಹುದು. ಅದನ್ನು ಮನುಕುಲದ ಕತ್ತಲೆಯೆಂದು ಕರೆಯುವ ಪುಸ್ತಕದಲ್ಲಿ ನಮ್ಮ ಪುಟಗಳೇ ಇಲ್ಲ.

ಇನ್ನು ಕಚೇರಿಯ ಆಡಳಿತವಿತ್ತೆನ್ನಲಾದ ಬೆಳಕಿನ ಕಾಲ. ಅದೇ ಶತಮಾನಗಳಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗುಗಳಲ್ಲಿ ತುಂಬಿ ಅಟ್ಲಾಂಟಿಕ್ ಸಾಗರದಾಚೆ ಗುಲಾಮರನ್ನಾಗಿ ಸಾಗಿಸಲಾಯಿತು. ನಮ್ಮ ಮೈಸೂರು ಸೀಮೆಯಲ್ಲಿ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿಯಿತು. ಮಳೆ ಬಾರದಿದ್ದುದನ್ನು ದೈವವೆನ್ನಬಹುದು. ಆದರೆ ಧಾನ್ಯವನ್ನು ಎಲ್ಲಿಗೆ ಸಾಗಿಸಬೇಕು, ಎಷ್ಟು ಕೂಲಿ ಕೊಡಬೇಕು, ಯಾರಿಗೆ ಗಂಜಿ ಹಾಕಬೇಕು ಎಂಬುದನ್ನು ಕಡತಗಳ ಮೇಲೆ ಸಹಿ ಮಾಡುವ ಮನುಷ್ಯರು ನಿರ್ಧರಿಸಿದರು.

ಮೂರನೆಯದಾಗಿ, 1910ರ ಮುಂದಿನ ಐವತ್ತು ವರ್ಷಗಳು. ಘೋರ ಯುದ್ಧಗಳು ನಡೆದದ್ದು ನಿಜ. ಆದರೆ ವೈದ್ಯರಾದ ನಮಗೆ ಆ ಕಾಲ ಬೇರೊಂದು ಬಗೆಯಾಗಿಯೂ ಕಾಣುತ್ತದೆ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಮಧುಮೇಹದಿಂದ ಸಾಯುತ್ತಿದ್ದ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. 1928ರಲ್ಲಿ ಪೆನಿಸಿಲಿನ್ ಕಂಡುಬಂದಿತು. 1955ರಲ್ಲಿ ಪೋಲಿಯೋ ಲಸಿಕೆ ಬಂದಿತು. 1920ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. 1947ರಲ್ಲಿ ಭಾರತ ಸ್ವತಂತ್ರವಾಯಿತು. ಇವು ಯಾವುವೂ ಥಾಂಪ್ಸನ್ನನ ಪಟ್ಟಿಯಲ್ಲಿ ಬರುವುದಿಲ್ಲ. ಹಣೆಬರಹವನ್ನು ಓದಿ ಹೇಳುವವರು ತಮಗೆ ಬೇಕಾದ ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದುತ್ತಾರೆ.

'ನೀವು ಇನ್ನೂ ಮಕ್ಕಳು, ಆದ್ದರಿಂದ ನಾವು ನಡೆಸುತ್ತೇವೆ' ಎಂಬ ಈ ವಾದ ನಮ್ಮ ಹಿರಿಯರಿಗೆ ಹೊಸದಲ್ಲ. ಜಾನ್ ಸ್ಟುವರ್ಟ್ ಮಿಲ್ ಎಂಬ ಮಹಾಚಿಂತಕರು 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಪ್ರಖ್ಯಾತ ಗ್ರಂಥವನ್ನು ಬರೆದರು. ಅದರ ಆರಂಭದಲ್ಲಿಯೇ, ಈ ತತ್ತ್ವ ಇನ್ನೂ ಪ್ರೌಢಾವಸ್ಥೆಗೆ ಬಾರದ ಹಿಂದುಳಿದ ಸಮಾಜಗಳಿಗೆ ಅನ್ವಯಿಸದೆಂದು ಅವರು ಹೊರಗಿಟ್ಟರು. ಅವರು ಮೂವತ್ತೈದು ವರ್ಷ, 1823ರಿಂದ 1858ರವರೆಗೆ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ಭಾರತಕ್ಕೆ ಹೋಗುವ ಪತ್ರಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದರು. ಸ್ವಾತಂತ್ರ್ಯವನ್ನು ಅಷ್ಟೊಂದು ಪ್ರೀತಿಸಿದ ಮನುಷ್ಯರೂ ಕಚೇರಿಯ ಮೇಜಿನಾಚೆ ಕುಳಿತಾಗ ಥಾಂಪ್ಸನ್ನನ ಭಾಷೆಯನ್ನೇ ಆಡಬಲ್ಲರು ಎಂಬುದು ನೆನಪಿಡಬೇಕಾದ ಸಂಗತಿ.

ಹಾಗಾದರೆ ದೈವವೆಂಬುದು ಬರಿಯ ಅಧಿಕಾರಸ್ಥರ ಕಟ್ಟುಕಥೆಯೆ? ಹಾಗೆಂದುಬಿಟ್ಟರೆ ಪ್ರಾಚೀನರಿಗೆ ಅನ್ಯಾಯವಾದೀತು. ಬುದ್ಧ ಮಹಾವೀರರ ಸಮಕಾಲೀನನಾದ ಮಕ್ಖಲಿ ಗೋಸಾಲ ನಿಯತಿವಾದವನ್ನು ಅದರ ಕೊನೆಯ ತುದಿಯವರೆಗೆ ಕೊಂಡೊಯ್ದನು. ಎಸೆದ ನೂಲಿನುಂಡೆ ತನ್ನ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುವಂತೆ ಜೀವಿಗಳು ತಮ್ಮ ಜನ್ಮಗಳನ್ನು ಓಡಿ ಮುಗಿಸುತ್ತವೆ, ಪ್ರಯತ್ನದಿಂದ ಏನೂ ಬದಲಾಗದು ಎಂದು ಅವನು ಬೋಧಿಸಿದನೆಂದು ಬೌದ್ಧಗ್ರಂಥಗಳು ಹೇಳುತ್ತವೆ. ಅವನ ಅನುಯಾಯಿಗಳಾದ ಆಜೀವಿಕರಿಗೆ ಸಾಮ್ರಾಟ ಅಶೋಕ ತನ್ನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ ಗಯೆಯ ಬಳಿಯ ಬರಾಬರ್ ಬೆಟ್ಟಗಳಲ್ಲಿ ಗುಹೆಗಳನ್ನು ದಾನ ಮಾಡಿದನು. ಉತ್ತರದಲ್ಲಿ ಅಳಿದುಹೋದ ಬಹುಕಾಲದ ಮೇಲೆಯೂ ಈ ಪಂಥ ತಮಿಳುನಾಡಿನಲ್ಲಿಯೂ ನಮ್ಮ ಕೋಲಾರದ ಸೀಮೆಯಲ್ಲಿಯೂ ಉಳಿದುಕೊಂಡಿತ್ತೆಂಬುದನ್ನು ಇತಿಹಾಸಕಾರ ಎ. ಎಲ್. ಬಾಷಂ ಅವರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ. ಆಜೀವಿಕರು ಆಳುವವರಾಗಿರಲಿಲ್ಲ, ಉಗ್ರ ತಪಸ್ಸಿನ ವಿರಕ್ತರು. ಅವರ ನಿಯತಿ ಇನ್ನೊಬ್ಬರ ಮೇಲೆ ಹೇರಿದ ಆಜ್ಞೆಯಾಗಿರದೆ ಜಗತ್ತನ್ನು ನೋಡಿದ ಒಂದು ರೀತಿಯಾಗಿತ್ತು.

ಗ್ರೀಸಿನಲ್ಲಿಯೂ ಈ ಚರ್ಚೆ ನಡೆದಿತ್ತು. ಅಲ್ಲಿನ ಒಂದು ವಾದಕ್ಕೆ 'ಸೋಮಾರಿಯ ತರ್ಕ' ಎಂಬ ಹೆಸರೇ ಬಿದ್ದಿತ್ತು. ರೋಗ ವಾಸಿಯಾಗಬೇಕೆಂದು ವಿಧಿಯಿದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ವಾಸಿಯಾಗುತ್ತದೆ. ಸಾಯಬೇಕೆಂದಿದ್ದರೆ ಕರೆದರೂ ಸಾಯುತ್ತೇವೆ. ಆದ್ದರಿಂದ ವೈದ್ಯನನ್ನು ಕರೆಯುವುದು ವ್ಯರ್ಥ. ಇದಕ್ಕೆ ಕ್ರಿ.ಪೂ. ಮೂರನೆಯ ಶತಮಾನದ ಕ್ರೈಸಿಪ್ಪಸ್ ಕೊಟ್ಟ ಉತ್ತರವನ್ನು ರೋಮಿನ ಸಿಸಿರೋ ತನ್ನ ಗ್ರಂಥದಲ್ಲಿ ಕಾಪಿಟ್ಟಿದ್ದಾನೆ. ಕ್ರೈಸಿಪ್ಪಸ್ ವಿಧಿಯನ್ನು ಅಲ್ಲಗಳೆಯಲಿಲ್ಲ. ವಾಸಿಯಾಗುವುದು ವಿಧಿಯಾಗಿದ್ದರೆ ವೈದ್ಯನನ್ನು ಕರೆಯುವುದೂ ಆ ವಿಧಿಯೊಳಗಿನ ಒಂದು ಕೊಂಡಿ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಲಾಗದು ಎಂದನು.

ನಮ್ಮ ಚರಕಸಂಹಿತೆ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಊರಿಗೆ ಊರೇ ನಾಶವಾಗುವ ಸಾಂಕ್ರಾಮಿಕಗಳ ಪ್ರಸ್ತಾಪದ ನಡುವೆ, ಶಿಷ್ಯ ಅಗ್ನಿವೇಶ ಗುರು ಆತ್ರೇಯನನ್ನು ಕೇಳುತ್ತಾನೆ: ಆಯುಷ್ಯದ ಕಾಲಪ್ರಮಾಣ ಮೊದಲೇ ನಿಶ್ಚಿತವೆ, ಅಲ್ಲವೆ? ಆತ್ರೇಯನ ಉತ್ತರ ಇದು. ಆಯುಷ್ಯ ದೈವ ಮತ್ತು ಪುರುಷಕಾರಗಳ ಕೂಡಿಕೆಯನ್ನು ಅವಲಂಬಿಸಿದೆ. ಹಿಂದಿನ ದೇಹದಲ್ಲಿ ತಾನೇ ಮಾಡಿದ ಕರ್ಮ ದೈವ. ಈಗ ಇಲ್ಲಿ ಮಾಡುವುದು ಪುರುಷಕಾರ. ಎರಡರಲ್ಲಿ ಬಲವಾದುದು ದುರ್ಬಲವಾದುದನ್ನು ಸೋಲಿಸುತ್ತದೆ. ಎಲ್ಲರ ಆಯುಷ್ಯವೂ ನಿಶ್ಚಿತವಾಗಿದ್ದರೆ ಔಷಧಿ, ಮಂತ್ರ, ಪಥ್ಯಗಳು ಏಕೆ? ಮದಿಸಿದ ಆನೆಯನ್ನು ಕಂಡು ದೂರ ಸರಿಯುವುದಾದರೂ ಏಕೆ? ವೈದ್ಯಶಾಸ್ತ್ರ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಅಕಾಲಮೃತ್ಯು ಎಂಬುದುಂಟೆ ಎಂದು ಅಗ್ನಿವೇಶ ಮತ್ತೆ ಕೇಳಿದಾಗ ಆತ್ರೇಯ ಬಂಡಿಯ ಅಚ್ಚಿನ ದೃಷ್ಟಾಂತ ಕೊಡುತ್ತಾನೆ. ಒಳ್ಳೆಯ ಮರದಿಂದ ಮಾಡಿದ ಅಚ್ಚು ಸರಿಯಾಗಿ ನಡೆಸಿದರೆ ತನ್ನ ಕಾಲವನ್ನು ಪೂರೈಸಿ ಸವೆದು ಮುಗಿಯುತ್ತದೆ, ಅದು ಕಾಲಮೃತ್ಯು. ಅದೇ ಅಚ್ಚು ಅತಿಭಾರದಿಂದ, ಹಳ್ಳತಿಟ್ಟಿನ ದಾರಿಯಿಂದ, ನಡೆಸುವವನ ತಪ್ಪಿನಿಂದ, ಕಡಾಣಿ ಕಳಚಿದ್ದರಿಂದ, ಕೀಲೆಣ್ಣೆ ಹಾಕದಿದ್ದುದರಿಂದ ನಡುದಾರಿಯಲ್ಲಿಯೇ ಮುರಿಯುತ್ತದೆ, ಅದು ಅಕಾಲಮೃತ್ಯು. ಹೃದಯದ ರಕ್ತನಾಳಗಳನ್ನು ಕುರಿತು ನಾವು ಇಂದು ರೋಗಿಗಳಿಗೆ ಹೇಳುವುದೂ ಇದಕ್ಕಿಂತ ಬಹಳ ಬೇರೆಯಲ್ಲ. ತಂದೆತಾಯಿಗಳಿಂದ ಬಂದ ವಂಶವಾಹಿಗಳು ಅಚ್ಚಿನ ಮರ. ಉಪ್ಪು, ಸಕ್ಕರೆ, ಧೂಮಪಾನ, ವ್ಯಾಯಾಮ, ರಕ್ತದೊತ್ತಡದ ಗುಳಿಗೆ ಇವು ದಾರಿ ಮತ್ತು ಕೀಲೆಣ್ಣೆ.

ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಕಡೆಯವರೇ ಆದ ಹಿರಿಯರೊಬ್ಬರಿಗೆ ನಡುರಾತ್ರಿ ಎದೆನೋವು ಬಂದಿತು. ಮಕ್ಕಳನ್ನು ಎಬ್ಬಿಸಲು ಹೊರಟ ಹೆಂಡತಿಯನ್ನು ಅವರು ತಡೆದು, ಬರೆದದ್ದು ಆಗುತ್ತದೆ, ಬೆಳಗಾಗಲಿ ಎಂದರಂತೆ. ಬೆಳಗಾಗುವ ಹೊತ್ತಿಗೆ ಹೃದಯದ ದೊಡ್ಡ ಭಾಗ ಸತ್ತುಹೋಗಿತ್ತು. ಅವರು ಉಳಿಯಲಿಲ್ಲ. "ಅವರ ಆಯಸ್ಸು ಅಷ್ಟೇ ಇತ್ತು, ಅಲ್ಲವೆ ಡಾಕ್ಟರೆ?" ಎಂದು ಆ ತಾಯಿ ಕೇಳಿದಾಗ ನಾವು ಹೌದೆಂದು ತಲೆಯಾಡಿಸಿದೆವು. ಅದು ವೈದ್ಯಶಾಸ್ತ್ರದ ಸತ್ಯವಲ್ಲವೆಂದು ನಮಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಬೇರೆ ಔಷಧಿ ನಮ್ಮಲ್ಲಿರಲಿಲ್ಲ. ಅಂದಿನಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ದೈವವೆಂಬ ಮಾತನ್ನು ಆದ ಮೇಲೆ ಹೇಳಿದರೆ ಅದು ಸಾಂತ್ವನ. ಆಗುವ ಮೊದಲೇ ಹೇಳಿದರೆ ಅದು ಅಪಥ್ಯ.

ಈಗ ಚಲನಚಿತ್ರಕ್ಕೆ ಮರಳೋಣ. ಕಥೆಯ ನಡುವೆ ಒಂದು ಸಂಗತಿ ಬಯಲಾಗುತ್ತದೆ. ಡೇವಿಡ್ ಮತ್ತು ಎಲೀಸ್ ಒಂದಾಗಬೇಕೆಂದು ಪುಸ್ತಕದ ಹಳೆಯ ಆವೃತ್ತಿಗಳಲ್ಲಿ ಬರೆದಿದ್ದಿತು. ಅನಂತರ ಅದನ್ನು ತಿದ್ದಲಾಯಿತು. ಅಳಿಸಿದ ಬರಹದ ಶೇಷ ಅವರಿಬ್ಬರಲ್ಲಿ ಉಳಿದಿದ್ದುದರಿಂದಲೇ ಅವರು ಮತ್ತೆ ಮತ್ತೆ ಎದುರಾಗುತ್ತಾರೆ. ಹಾಗಾದರೆ ಅವರ ಪ್ರೀತಿ ಸ್ವಾತಂತ್ರ್ಯವೆ, ಹಳೆಯ ವಿಧಿಯ ಮಿಕ್ಕ ಭಾಗವೆ ಎಂದು ಕೇಳಿ, ಚಿತ್ರ ತನ್ನ ವಾದವನ್ನು ತಾನೇ ಸಡಿಲಿಸಿಕೊಂಡಿತೆಂದು ಟೀಕಿಸಬಹುದು. ಚರಕನನ್ನು ಓದಿದವರಿಗೆ ಇಲ್ಲಿ ಗೊಂದಲವಿಲ್ಲ. ದೈವವೆಂದರೆ ಹಿಂದೆ ಯಾರೋ ಮಾಡಿದ ಕೆಲಸವೇ ಗಟ್ಟಿಯಾಗಿ ಕುಳಿತದ್ದು. ಚರಕ ಅದನ್ನು ನಮ್ಮದೇ ಹಿಂದಿನ ಜನ್ಮದ ಕರ್ಮವೆನ್ನುತ್ತಾನೆ. ಇತಿಹಾಸವನ್ನು ಓದಿದರೆ, ಅದು ಎಷ್ಟೋ ಸಲ ನಮಗಿಂತ ಹಿಂದಿನವರ ಕರ್ಮವೂ ಆಗಿರುತ್ತದೆ ಎಂದು ಸೇರಿಸಬೇಕಾಗುತ್ತದೆ.

ಪ್ರೀತಿಗೂ ವಿವಾಹಕ್ಕೂ ಅಡ್ಡಬಂದ 'ಬರಹ'ಗಳನ್ನೇ ನೋಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸರ ಮಗಳಿಗೂ ವಿವಾಹವಾಯಿತೆಂದು ಶರಣಪರಂಪರೆ ಹೇಳುತ್ತದೆ. ಶರಣರಾದ ಮೇಲೆ ಕುಲವಿಲ್ಲವೆಂಬುದು ಅವರ ನಂಬಿಕೆ. ಹುಟ್ಟಿನೊಡನೆಯೇ ಎಲ್ಲರ ಸ್ಥಾನವೂ ಬರೆದಾಗಿದೆಯೆಂಬುದು ಎದುರಾಳಿಗಳ ನಂಬಿಕೆ. ಬೀಗರಿಬ್ಬರನ್ನೂ ಎಳೆಹೂಟೆಗೆ ಗುರಿಮಾಡಿ ಕೊಲ್ಲಲಾಯಿತು, ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿದರು, ಬಿಜ್ಜಳನ ಕೊಲೆಯಾಯಿತು. ಗಿರೀಶ ಕಾರ್ನಾಡರ 'ತಲೆದಂಡ' ನಾಟಕವನ್ನು ನೋಡಿದವರಿಗೆ ಇದು ತಿಳಿದ ವಿಷಯ. ಬ್ರಹ್ಮಲಿಪಿಯೆಂದು ಹೇಳಲಾದದ್ದನ್ನು ಕಾಯಲು ಅಂದು ಬ್ರಹ್ಮನು ಬರಲಿಲ್ಲ. ಅರಸನ ಆಳುಗಳು ಬರಬೇಕಾಯಿತು.

ನಾವು ನೆಲೆಸಿದ ಈ ದೇಶದಲ್ಲಿಯೂ ಅಂಥದೊಂದು ಅಧ್ಯಾಯವಿದೆ. 1958ರ ಜೂನ್ ತಿಂಗಳಲ್ಲಿ ಬಿಳಿಯನಾದ ರಿಚರ್ಡ್ ಲವಿಂಗ್ ಮತ್ತು ಕರಿಯ ವರ್ಣದ ಮಿಲ್ಡ್ರೆಡ್ ವಾಷಿಂಗ್ಟನ್ ನಗರದಲ್ಲಿ ಮದುವೆಯಾಗಿ ತಮ್ಮ ವರ್ಜೀನಿಯಾಕ್ಕೆ ಮರಳಿದರು. ಕೆಲವೇ ವಾರಗಳಲ್ಲಿ ನಡುರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿ ಅವರನ್ನು ಬಂಧಿಸಿದರು. ಇಪ್ಪತ್ತೈದು ವರ್ಷ ಇಬ್ಬರೂ ಒಟ್ಟಾಗಿ ರಾಜ್ಯಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ ಸೆರೆವಾಸ ತಪ್ಪಿತು. ದೇವರೇ ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇರಿಸಿರುವುದರಿಂದ ಅವು ಬೆರೆಯಬಾರದೆಂಬುದೇ ಅವನ ಸಂಕಲ್ಪವೆಂದು ನ್ಯಾಯಾಧೀಶರು 1965ರಲ್ಲಿ ಬರೆದರು. ಆ ದಂಪತಿಗಳು ಹೋರಾಟ ಬಿಡಲಿಲ್ಲ. 1967ರ ಜೂನ್ 12ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂಥ ಕಾನೂನುಗಳನ್ನು ಸರ್ವಾನುಮತದಿಂದ ರದ್ದುಗೊಳಿಸಿತು. ಆಗ ಅವು ಹದಿನಾರು ರಾಜ್ಯಗಳಲ್ಲಿದ್ದವು.

ಇನ್ನು ನಮ್ಮ ಕಥೆ. ಈ ದೇಶದ ಅನ್ನದ ಋಣವಿತ್ತು, ಬಂದೆವು ಎಂದು ನಾವೆಲ್ಲ ಹೇಳುತ್ತೇವೆ. ಆ ಋಣಪತ್ರವನ್ನು ತೆರೆದು ನೋಡಿದರೆ ಅದರಲ್ಲಿ ತಾರೀಖುಗಳಿವೆ. 1917ರ ಕಾನೂನು ಭಾರತವನ್ನು ನಿಷಿದ್ಧ ವಲಯಕ್ಕೆ ಸೇರಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. 1946ರಲ್ಲಿ ಪೌರತ್ವದ ಬಾಗಿಲು ತೆರೆಯಿತಾದರೂ ವರ್ಷಕ್ಕೆ ನೂರು ಮಂದಿಯ ಮಿತಿಯಿತ್ತು. 1965ರ ಅಕ್ಟೋಬರ್ 3ರಂದು ರಾಷ್ಟ್ರಾಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಮಾಡಿದರು. ಕರಿಯ ಜನರ ನಾಗರಿಕ ಹಕ್ಕುಗಳ ಹೋರಾಟ ಈ ದೇಶದ ಮನಸ್ಸನ್ನು ಕಲಕದಿದ್ದರೆ ಆ ಸಹಿ ಬೀಳುತ್ತಿರಲಿಲ್ಲ. ಚಿತ್ರದ ಕೊನೆಯ ಓಟದಲ್ಲಿ ಡೇವಿಡ್ ಮತ್ತು ಎಲೀಸ್ ಒಂದು ಬಾಗಿಲು ತೆರೆದು ಹೊರಬರುವುದು ಅದೇ ಪ್ರತಿಮೆಯ ಬಳಿಗೆ. ನಿರ್ದೇಶಕರ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ನಮಗೆ ಮಾತ್ರ ಆ ಸಹಿಯ ನೆನಪಾಯಿತು. ತೊಂಬತ್ತರ ದಶಕದಲ್ಲಿ ಎಂ.ಬಿ.ಬಿ.ಎಸ್. ಪದವಿಯನ್ನು ಕೈಯಲ್ಲಿ ಹಿಡಿದು ರೆಸಿಡೆನ್ಸಿಗೆಂದು ನಾವು ಇಲ್ಲಿಗೆ ಬಂದಾಗ ಆ ಬಾಗಿಲನ್ನು ತೆರೆದಿಟ್ಟವರು ಯಾರೆಂದು ಯೋಚಿಸಿರಲಿಲ್ಲ. ನಮ್ಮ ಜಾಣತನ, ನಮ್ಮ ಅದೃಷ್ಟ ಎಂದುಕೊಂಡಿದ್ದೆವು. ನಾವು ಹಣೆಬರಹವೆಂದು ಕರೆದದ್ದು ಬೇರೆಯವರ ಪುರುಷಕಾರವಾಗಿತ್ತು.

ಹಾಗಾದರೆ ನಮ್ಮ ಪುರುಷಕಾರ ಯಾರ ಹಣೆಬರಹವಾಯಿತು? ಈ ಪ್ರಶ್ನೆ ನಮ್ಮನ್ನು ಮತ್ತೆ ಮಗಳ ಮಾತಿಗೆ ತರುತ್ತದೆ. ಅವಳು ವೈದ್ಯಕೀಯಕ್ಕೆ ಹೋಗಬೇಕೆಂದು ನಾವು ಅವಳಿಗೆ ಹತ್ತು ವರ್ಷವಾಗುವ ಮೊದಲೇ ಬರೆದಿಟ್ಟಿದ್ದೆವು. ಕಾಲೇಜಿನ ಮೂರನೆಯ ವರ್ಷದಲ್ಲಿ ಅವಳು ಆ ದಾರಿಯನ್ನು ಬಿಟ್ಟು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗುತ್ತೇನೆಂದಳು. ನಾವು ಬೈಯಲಿಲ್ಲ. ಥಾಂಪ್ಸನ್ನನಂತೆ ಮೆಲುದನಿಯಲ್ಲಿ ಭವಿಷ್ಯವನ್ನು ಓದಿ ಹೇಳಿದೆವು: ಸಂಬಳ ಇಷ್ಟು, ಮನೆ ಕೊಳ್ಳುವುದು ಕಷ್ಟ, ಇಷ್ಟು ಬುದ್ಧಿಯಿದ್ದೂ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತ ಕೂರುವೆಯಾ? ಸುಮಾರು ಒಂದು ವರ್ಷ ನಮ್ಮ ಮನೆಯಲ್ಲಿ ದೂರವಾಣಿಯ ಮಾತುಕತೆ ಹವಾಮಾನವನ್ನು ದಾಟಲಿಲ್ಲ. ಅವಳು ತನ್ನ ಆಯ್ಕೆಯನ್ನು ಬದಲಿಸಲಿಲ್ಲ. ಆ ಚಳಿಗಾಲದ ರಾತ್ರಿ ಚಿತ್ರ ಮುಗಿದ ಮೇಲೆ ಅವಳು ಕೇಳಿದಳು: "ಆರು ವರ್ಷದ ಮಕ್ಕಳಿಗೆ ಕಲಿಸುವುದು ಸೋಲು ಅಂತ ಪುಸ್ತಕದಲ್ಲಿ ಬರೆದವರು ಯಾರು, ಅಪ್ಪ?" ನಮಗೂ ಉತ್ತರ ಹೊಳೆಯಲಿಲ್ಲ. ನಮಗೆ ಅಕ್ಷರ ತಿದ್ದಿಸಿದ ಹಳ್ಳಿಯ ಶಾಲೆಯ ಮೇಷ್ಟರು ನೆನಪಾದರು. ಅವರಿಲ್ಲದೆ ಯಾವ ರೆಸಿಡೆನ್ಸಿ, ಯಾವ ಅಮೆರಿಕ?

ಬಂಧುಗಳೆ, ನಮ್ಮ ತಂದೆತಾಯಿಗಳು ನಮಗಾಗಿ ಬರೆದಿಟ್ಟ ಪುಸ್ತಕದಲ್ಲಿ ಹುಬ್ಬಳ್ಳಿಯೋ ಹಾಸನವೋ ಮಂಗಳೂರೋ ಇದ್ದಿರಬೇಕು. ಅದನ್ನು ನಾವು ತಿದ್ದಿದೆವು. ಅವರು ವಿಮಾನ ನಿಲ್ದಾಣಕ್ಕೆ ಬಂದು, ಕಣ್ಣೊರೆಸಿಕೊಂಡು, ತಿದ್ದಲು ಬಿಟ್ಟರು. ನಾವು ಅಂದು ಆಯ್ದ ದೇಶ, ಊರು, ಭಾಷೆ, ನೆರೆಹೊರೆ ಇವೆಲ್ಲ ಇಂದು ನಮ್ಮ ಮಕ್ಕಳ ಪಾಲಿಗೆ ಅವರು ಕೇಳದೆ ಬಂದ ದೈವ. ಅದರ ಮೇಲೆ ಅವರ ಪುರುಷಕಾರವನ್ನೂ ನಾವೇ ಬರೆಯಹೊರಟರೆ ಅವರಿಗೆ ಉಳಿಯುವುದೇನು? ಹಾಗೆಂದು ತಂದೆತಾಯಿಗಳು ಬಾಯಿ ಮುಚ್ಚಿ ಕೂರಬೇಕೆಂದಲ್ಲ. ಒಳ್ಳೆಯ ಮರದಿಂದ ಅಚ್ಚು ಮಾಡಿಕೊಡಬೇಕು, ಕೀಲೆಣ್ಣೆಯ ಡಬ್ಬಿಯನ್ನು ಜೊತೆಗಿಡಬೇಕು, ದಾರ��ಯ ಹಳ್ಳತಿಟ್ಟುಗಳನ್ನು ತಿಳಿಸಬೇಕು. ಹಗ್ಗ ಹಿಡಿದು ಬಂಡಿ ಹೊಡೆಯುವವರು ಅವರು.

ಚಿತ್ರದ ಕೊನೆಯಲ್ಲಿ ಅಧ್ಯಕ್ಷನೇ ಪುಸ್ತಕವನ್ನು ತಿದ್ದಿ, ಆ ಇಬ್ಬರ ಮುಂದಿನ ದಾರಿಯನ್ನು ಬರೆಯದೆ ಅವರಿಗೇ ಬಿಡುತ್ತಾನೆ. ಮನುಷ್ಯರು ಒಂದು ದಿನ ತಮ್ಮ ಬರಹವನ್ನು ತಾವೇ ಬರೆಯಲೆಂಬುದೇ ಅವನ ನಿಜವಾದ ಯೋಜನೆಯಿರಬಹುದೆಂಬ ಆಶಯದೊಡನೆ ಚಿತ್ರ ಮುಗಿಯುತ್ತದೆ. ನಮ್ಮ ಮಗಳು ಈಗ ಒಂದನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ. ಕಳೆದ ವಸಂತದಲ್ಲಿ ನಾವು ಒಂದು ದಿನ ರಜೆ ಹಾಕಿ ಅವಳ ತರಗತಿಯ ಹಿಂದಿನ ಸಾಲಿನಲ್ಲಿ, ಮೊಣಕಾಲು ಎದೆಗೆ ತಾಗುವಂಥ ಪುಟ್ಟ ಕುರ್ಚಿಯ ಮೇಲೆ ಕುಳಿತು ಬಂದೆವು. ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.